ಕೊರಳಪಟ್ಟಿ ಹಕ್ಕಿ, ಬಿಳಿಹೊಟ್ಟೆ ನೆಲಗಪ್ಪೆ

ಆಗ ನನಗೆ ಮೂವತ್ತೊಂದು. ಈಗ ಎಂಬತ್ತೊಂಬತ್ತು. ಐವತ್ತೆಂಟು ವರ್ಷದ ಹಿಂದಿನ ಮಾತು.

ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಹಮಾಲಳಾಗಿದ್ದೆ. ಈಗ ಅಟೆಂಡರ್ ಎನ್ನುತ್ತಾರೆ. ಕೆಲಸ ಅದೇ. ನನ್ನ ಗಂಡ ಅಲ್ಲಿ ಹಮಾಲನಾಗಿದ್ದ, ಕಾಮಣಿ ರೋಗ, ಅಂದರೆ ಕಾಮಾಲೆಯಾಗಿ ಸತ್ತ, ಅವನ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಹೆಸರು ಫಕೀರವ್ವ. ಮೂರನೇ ಇಯತ್ತೆಯವರೆಗೆ ಶಾಲೆ. ಇದನ್ನು ನಾನೇ ಬರೆದಿದ್ದೇನೆ. ಒತ್ತಕ್ಷರ ತಿದ್ದಿದವಳು ನನ್ನ ತಂಗಿಯ ಮೊಮ್ಮಗಳು. ಹೋದ ತಿಂಗಳು ಅವಳಿಗೆ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. "ಅಜ್ಜೀ, ಅಲ್ಲಿ ಏನೇನ ಮಾಡಬೇಕು ಹೇಳು" ಅಂದಳು. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಎದ್ದು ಹೋಗುತ್ತಾಳೆ. ಅದಕ್ಕೇ ಬರೆದೆ.

ಮೊದಲ ಮಾತು: ಪ್ರಯೋಗಾಲಯದ ಕೆಲಸ ಎಂದರೆ ತೊಳೆಯುವುದು. ಗಾಜು ತೊಳೆ, ಟ್ರೇ ತೊಳೆ, ಬಾನಿ ತೊಳೆ, ನೆಲ ತೊಳೆ. ತೊಳೆಯದೆ ಉಳಿದ ಹೊತ್ತಿನಲ್ಲಿ ನಾನು ಕಪ್ಪೆ ಹಿಡಿಯುತ್ತಿದ್ದೆ. ಹುಡುಗರು ಕೊಯ್ದು ಕಲಿಯುವುದಕ್ಕೆ ವಾರಕ್ಕೆ ಮೂವತ್ತು ನಲವತ್ತು ಬೇಕು. ಮಳೆಗಾಲದಲ್ಲಿ ಕೆರೆಯ ಕಪ್ಪೆ, ಬೇಸಿಗೆಯಲ್ಲಿ ನೆಲಗಪ್ಪೆ. ನೆಲಗಪ್ಪೆ ಎಂದರೆ ಮೈಮೇಲೆ ಗುಳ್ಳೆಗಳಿರುವುದು, ಕುಪ್ಪಳಿಸುವುದಕ್ಕಿಂತ ನಡೆಯುವುದೇ ಹೆಚ್ಚು. ಕಾಯಿಪಲ್ಲೆ ಸಂತೆಯ ಹಿಂದಿನ ಮೋರಿಯಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಸಾವಿರಾರು ಹಿಡಿದಿದ್ದೇನೆ, ಸಾವಿರಾರು ಕ್ಲೋರೋಫಾರ್ಮ್ ಬರಣಿಗೆ ಹಾಕಿ ಮುಚ್ಚಳ ಮುಚ್ಚಿದ್ದೇನೆ. ಅದಕ್ಕಾಗಿ ಒಂದು ದಿನವೂ ಊಟ ಬಿಟ್ಟವಳಲ್ಲ.

ಕೆಲಸ ಕಲಿಸಿದವರು ಇಮಾಮಸಾಬರು. ವಿಭಾಗದ ಹಿರಿಯ ಹಮಾಲರು. ನನ್ನ ಗಂಡನಿಗೂ ಅವರೇ ಕಲಿಸಿದ್ದರು. ನಾನು ಚಾಚಾ ಎನ್ನುತ್ತಿದ್ದೆ. ಮೊದಲ ದಿನ ನನ್ನ ಕೈಗೆ ಒಂದು ನೆಲಗಪ್ಪೆ ಕೊಟ್ಟರು. ಅದು ನನ್ನ ಅಂಗೈಯಲ್ಲಿ ಉಚ್ಚೆ ಹೊಯ್ದಿತು.

"ಯಾಕ ತಂಗಿ, ಮಾರಿ ಹಂಗ್ಯಾಕ ಮಾಡ್ತೀ?" ಅಂದರು. "ಅದು ನಿನಗ ಸಲಾಂ ಹೊಡೀತು. ಇಲ್ಲಿ ಎಲ್ಲಾರಿಗೂ ಮೊದಲನೇ ದಿನ ಹಿಂಗs ಸಲಾಂ."

"ಸಾಹೇಬ್ರಿಗೂ ಹೊಡೆದಿತ್ತೇನ್ರಿ ಚಾಚಾ?"

"ಅವರಿಗೆ ಕೋಟಿನ ಮ್ಯಾಲೆ."

ಬೇಸಿಗೆಯಲ್ಲಿ ನೆಲಗಪ್ಪೆ ಬಿರುಕಿನೊಳಗೆ ಹೋಗಿ ಕೂತಿರುತ್ತದೆ. ಅಗೆದರೆ ಗುದ್ದಲಿಗೆ ಸಿಕ್ಕು ಸಾಯುತ್ತದೆ. ಸಂಜೆ ಹೊತ್ತು ಇಳಿಯುವಾಗ ಬಿರುಕಿಗೆ ಒಂದು ಕೊಡ ನೀರು ನಿಧಾನವಾಗಿ ಹೊಯ್ಯಬೇಕು. ಮಳೆ ಬಂತೆಂದು ತಿಳಿದು ತಾನಾಗಿ ಮೇಲೆ ಬರುತ್ತದೆ. ಇದು ಚಾಚಾ ಹೇಳಿಕೊಟ್ಟ ಉಪಾಯ. ನೀರನ್ನು ಒಮ್ಮೆಲೇ ಸುರಿದರೆ ಬರುವುದಿಲ್ಲ. ನಿಧಾನಕ್ಕೆ, ಸೆರಗು ಹಿಂಡಿದ ಹಾಗೆ ಹೊಯ್ಯಬೇಕು.

ಅವರು ಹೇಳಿಕೊಟ್ಟ ಇನ್ನೊಂದು ಪದ್ಧತಿ ಬೆರಳಿನದು. ಇಂಜೆಕ್ಷನ್ ಚುಚ್ಚಿ ಮೊಟ್ಟೆ ಇಡಿಸಿ ತೋರಿಸುವ ಪಾಠ ಒಂದಿತ್ತು. ಒಮ್ಮೆ ಚುಚ್ಚಿದ ನೆಲಗಪ್ಪೆಗೆ ಮತ್ತೆ ಚುಚ್ಚಬಾರದು. ಅದಕ್ಕೆ ಚುಚ್ಚಿದ್ದರ ಒಂದು ಕಾಲ್ಬೆರಳಿನ ತುದಿ ಕತ್ತರಿಸಿ ಹಿತ್ತಲ ವರಾಂಡದ ತೊಟ್ಟಿಗೆ ಬಿಡುತ್ತಿದ್ದರು. ಕೊಯ್ಯಲು ಬೇಕಾದಾಗ ಮೊದಲು ಅವನ್ನೇ ತೆಗೆಯಬೇಕು. "ಬೆರಳಿಲ್ಲದ್ದು ಮೊದಲು" ಎಂದು ಚಾಚಾ ದಿನಾ ಹೇಳುತ್ತಿದ್ದರು. ನಾಲ್ಕು ವರ್ಷ ಹಾಗೆ ತೆಗೆದು ತೆಗೆದು ನನ್ನ ಕೈಗೇ ಅದು ಗೊತ್ತಾಗಿಬಿಟ್ಟಿತ್ತು. ತೊಟ್ಟಿಯ ಕೆಸರಿನಲ್ಲಿ ಕೈಯಾಡಿಸಿ, ನೋಡದೆಯೇ, ಬೆರಳಿಲ್ಲದ್ದನ್ನು ಹೆಕ್ಕುತ್ತಿದ್ದೆ. ಅದರ ಬಗ್ಗೆ ನನಗೆ ಸೊಕ್ಕೂ ಇತ್ತು.

ಇನ್ನು ವಿಮಲಾಬಾಯಿಯವರ ವಿಷಯ. ಇಪ್ಪತ್ತೈದರ ಹೆಣ್ಣುಮಗಳು. ನಮ್ಮಲ್ಲೇ ಎಂ.ಎಸ್ಸಿ. ಮುಗಿಸಿ ಪ್ರಯೋಗ ತೋರಿಸುವ ಕೆಲಸದಲ್ಲಿದ್ದರು, ಜೊತೆಗೆ ಸಂಶೋಧನೆ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಸೋದರಮಾವನ ಮನೆ, ಅಲ್ಲಿಂದ ದಿನಾ ಓಡಾಟ. ನಾವು ಬಾಯಾರು ಎನ್ನುತ್ತಿದ್ದೆವು. ಸತ್ತೂರ ಕಡೆ ಹೋಗುವ ದಾರಿಯಲ್ಲಿ ಆಗ ಒಂದು ಕೆರೆ ಇತ್ತು. ಅದರ ಪಶ್ಚಿಮದ ದಂಡೆಯೇ ಅವರ ಸಂಶೋಧನೆಯ ಜಾಗ. ಒಂದು ಫರ್ಲಾಂಗ್ ಉದ್ದ. ಮೇಲೆ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಕೆಳಗೆ ಬಿರುಕು ಬಿಟ್ಟ ಕೆಂಪು ಕಲ್ಲು. ಅಲ್ಲಿ ಎರಡು ಪ್ರಾಣಿ ಇದ್ದವು.

ಒಂದು ಹಕ್ಕಿ. ಟಿಟ್ಟಿಭದ ಬಳಗದ್ದೇ, ಅದಕ್ಕಿಂತ ಬಹಳ ಸಣ್ಣದು, ಕೊರಳಿಗೆ ಕರಿ ಪಟ್ಟಿ. ಇಂಗ್ಲಿಷ್ ಹೆಸರು ಬಾಯಾರಿಗೆ ಗೊತ್ತು. ನಾನು ಕೊರಳಪಟ್ಟಿ ಎಂದೆ, ಕೊನೆಗೆ ಅವರೂ ಹಾಗೇ ಅನ್ನತೊಡಗಿದರು. ಬೇಸಿಗೆಯಲ್ಲಿ ಬರಿ ಗರಸಿನ ಮೇಲೆ ಮೊಟ್ಟೆ ಇಡುತ್ತದೆ. ಗೂಡಿಲ್ಲ ಏನಿಲ್ಲ, ಒಂದು ತಗ್ಗು ಅಷ್ಟೇ. ಮೊಟ್ಟೆಯೂ ಗರಸಿನ ಬಣ್ಣದ್ದೇ.

ಇನ್ನೊಂದು ಬಿರುಕಿನಲ್ಲಿರುವ ನೆಲಗಪ್ಪೆ. ಮೇಲಿನಿಂದ ನೋಡಿದರೆ ಸಂತೆ ಮೋರಿಯದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಂಗಾತ ತಿರುಗಿಸಿದರೆ ಗೊತ್ತಾಗುತ್ತದೆ. ಮೋರಿಯದರ ಹೊಟ್ಟೆಗೆ ಕರಿ ಚುಕ್ಕೆ; ಇದರದು ಸುಣ್ಣ ಹಚ್ಚಿದ ಹಾಗೆ ಬಿಳಿ. ಆ ದಂಡೆ ಬಿಟ್ಟು ಸುತ್ತಲಿನ ಯಾವ ಕೆರೆಯಲ್ಲೂ ಅದು ನಮಗೆ ಸಿಗಲಿಲ್ಲ.

ಎರಡೂ ಕಡಿಮೆಯಾಗುತ್ತಿದ್ದವು. ಕಾರಣ ದೊಡ್ಡದೇನಲ್ಲ. ಹೊಸ ರಸ್ತೆಗೆ ಗರಸು ಬೇಕಾಗಿತ್ತು, ಎತ್ತಿನ ಚಕ್ಕಡಿಗಳು ಬಂದು ದಂಡೆ ಅಗೆದು ಒಯ್ಯುತ್ತಿದ್ದವು. ಚಕ್ರಕ್ಕೆ ಸಿಕ್ಕು ಮೊಟ್ಟೆ ಒಡೆಯುತ್ತಿತ್ತು. ಬಿರುಕು ಮುಚ್ಚುತ್ತಿತ್ತು.

ಬಾಯಾರು ಎರಡನ್ನೂ ಹೋಲಿಸಿ ನೋಡುತ್ತಿದ್ದರು. ಒಂದೇ ನೆಲ, ಒಂದೇ ಕಷ್ಟ. ಯಾವುದು ಹೇಗೆ ತಾಳುತ್ತದೆ ಎಂದು. ಗೂಡು ಹುಡುಕಲು, ಕಪ್ಪೆ ಎಬ್ಬಿಸಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಎರಡು ವರ್ಷ ನಾನೂ ನೋಡಿದೆ. ಹಕ್ಕಿ ಬೆರಕಿ, ಬಲು ಚಾಲಾಕಿ. ಮನುಷ್ಯನನ್ನು ಕಂಡರೆ ಮೊಟ್ಟೆ ಬಿಟ್ಟು ಸದ್ದಿಲ್ಲದೆ ಓಡಿ, ದೂರ ಹೋಗಿ ಕೂಗುತ್ತದೆ. ಇನ್ನೂ ಹತ್ತಿರ ಹೋದರೆ ರೆಕ್ಕೆ ಮುರಿದ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ನಾವು ಅದರ ಹಿಂದೆ ಹೋಗಲಿ ಎಂದು. ಮೊಟ್ಟೆ ಒಡೆದರೆ ಎರಡು ವಾರದಲ್ಲಿ ಮತ್ತೆ ಇಡುತ್ತದೆ. ಒಂದು ಕಡೆ ತೊಂದರೆಯಾದರೆ ಸ್ವಲ್ಪ ಅತ್ತ ಸರಿಯುತ್ತದೆ. ನೆಲಗಪ್ಪೆಗೆ ಇದು ಯಾವುದೂ ಬರುವುದಿಲ್ಲ. ಹೋದ ವರ್ಷ ಯಾವ ಬಿರುಕಿನಲ್ಲಿತ್ತೋ ಈ ವರ್ಷವೂ ಅಲ್ಲೇ. ಚಕ್ಕಡಿ ಬಂದರೂ ಅಲ್ಲೇ. ಕೂಗುವುದಿಲ್ಲ, ಓಡುವುದಿಲ್ಲ, ಹಿಡಿದರೆ ಕೈಯಲ್ಲಿ ಸುಮ್ಮನೆ ಕೂರುತ್ತದೆ.

ಹಕ್ಕಿಯ ವಿಷಯದಲ್ಲಿ ನಾನು ಮೊದಲ ವರ್ಷ ಒಂದು ತಪ್ಪು ಮಾಡಿದೆ. ಮೊಟ್ಟೆ ಗರಸಿನ ಬಣ್ಣದ್ದಲ್ಲವೇ, ಒಮ್ಮೆ ಕಂಡದ್ದು ಮತ್ತೆ ಕಾಣುವುದಿಲ್ಲ. ನಾನು ಜಾಣೆ ಎಂದುಕೊಂಡು ಪ್ರತಿ ಗೂಡಿನ ಪಕ್ಕ ಕಡ್ಡಿ ಚುಚ್ಚಿ ಕೆಂಪು ಅರಿವೆಯ ಚೂರು ಕಟ್ಟಿದೆ. ಬಾಯಾರೂ ಶಾಬಾಸ್ ಎಂದರು. ಒಂದು ವಾರದಲ್ಲಿ ಐದು ಗೂಡು ಖಾಲಿ. ಕಾಗೆಗಳು ಅರಿವೆ ಕಂಡಲ್ಲಿ ಮೊಟ್ಟೆ ಇದೆ ಎಂದು ಕಲಿತುಬಿಟ್ಟಿದ್ದವು. ಆಮೇಲೆ ಗೂಡಿನಿಂದ ಮೂರು ಹೆಜ್ಜೆ ಉತ್ತರಕ್ಕೆ ಎರಡು ಕಲ್ಲು ಇಡುವುದು ಎಂದು ಮಾಡಿಕೊಂಡೆವು. ಕಾಗೆಗೆ ಉತ್ತರ ದಿಕ್ಕು ಗೊತ್ತಿಲ್ಲ.

ನೆಲಗಪ್ಪೆಗೆ ಬಾಯಾರು ಬೇರೆ ಗುರುತು ಮಾಡಿದರು. ಕಾಲ್ಬೆರಳಿನ ತುದಿ. ಎಡಗಾಲಿನ ಮೂರನೆಯದು ಇಲ್ಲದಿದ್ದರೆ ಇಂಥ ನಂಬರು, ಬಲಗಾಲಿನ ಎರಡನೆಯದು ಇಲ್ಲದಿದ್ದರೆ ಇಂಥ ನಂಬರು. ಸಣ್ಣ ನೋಟುಬುಕ್ಕಿನಲ್ಲಿ ಎರಡು ಕಾಲಿನ ಚಿತ್ರ ಬರೆದು ಎಲ್ಲಾ ಇಟ್ಟಿದ್ದರು. ನೋಡಿದಾಗ ನನಗೆ ಚಾಚಾನ ಪದ್ಧತಿ ನೆನಪಾಯಿತು. "ನಮ್ಮ ತೊಟ್ಟಿಯೊಳಗೂ ಹಿಂಗs ಕತ್ತರಸ್ತೇವ್ರಿ ಬಾಯಾರ" ಅಂದೆ. "ಹೌದೇನು?" ಅಂದರು, ಬರೆಯುವುದರಲ್ಲಿದ್ದರು. ಮಾತು ಅಲ್ಲಿಗೇ ಮುಗಿಯಿತು. ಅಲ್ಲಿ ಮುಗಿಯಬಾರದಾಗಿತ್ತು.

ನಮ್ಮ ಮುಖ್ಯಸ್ಥರನ್ನು ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಹಕ್ಕಿ ಎಂದರೆ ಪ್ರಾಣ. ಕೊರಳಲ್ಲಿ ಸದಾ ದುರ್ಬೀನು. ಬಾಯಾರು ಎರಡನೆಯ ವರ್ಷದ ಮಾರ್ಚ್‌ನಲ್ಲಿ ಅವರ ಮುಂದೆ ಹೋಗಿ, ಪಶ್ಚಿಮದ ದಂಡೆ ಅಗೆಯಬೇಡಿ ಎಂದು ರಸ್ತೆ ಕೆಲಸದ ಇಂಜಿನಿಯರರಿಗೆ ಪತ್ರ ಬರೆಯಿರಿ ಎಂದು ಕೇಳಿದರು. ನಾನು ಅಲ್ಲೇ ಕಪಾಟು ಒರೆಸುತ್ತಿದ್ದೆ.

"ಹಕ್ಕಿ ಸಲುವಾಗಿ ಬರೀತೀನಿ" ಅಂದರು ಸಾಹೇಬರು. "ಕಪ್ಪಿ ಸಲುವಾಗಿ ಯಾರರ ಪತ್ರ ಬರೀತಾರೇನವಾ? ನಗ್ತಾರ ಅವರು."

"ಹಕ್ಕಿ ಒಂದs ಅಂತ ಬರದ್ರ ಉಪಯೋಗಿಲ್ರಿ ಸರ್" ಅಂದರು ಬಾಯಾರು. "ಹಕ್ಕಿ ಅಲ್ಲಿರೋದು ಮೇ ತನಕ. ಮರಿ ಎದ್ದು ಹೋದಮ್ಯಾಲೆ ಚಕ್ಕಡಿ ಬರ್ತಾವ, ಜೂನಿನ್ಯಾಗ ಪೂರ್ತಿ ಅಗದು ಬಿಡ್ತಾರ. ಮುಂದಿನ ವರ್ಷ ಹಕ್ಕಿ ಎಲ್ಲಿ ಮೊಟ್ಟಿ ಇಡಬೇಕು? ಬ್ಯಾಸಗಿ ಕಾಯಾಕ ಹಕ್ಕಿ ಬೇಕು, ಮಳಿಗಾಲ ಕಾಯಾಕ ಕಪ್ಪಿ ಬೇಕು. ಎರಡೂ ಕೂಡಿದ್ರs ಆ ದಂಡಿ ಉಳೀತದ."

ಸಾಹೇಬರು ಕಾಗದ ಎಳೆದುಕೊಂಡರು. ಅವರಿಗೂ ಅದು ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಎರಡರ ಹೆಸರಿನಲ್ಲೂ ಪತ್ರ ಬರೆದರು. ಇಂಜಿನಿಯರರಿಂದ ಉತ್ತರ ಬಂತು: ಗುರುವಾರ ಬೆಳಿಗ್ಗೆ ಎಂಟಕ್ಕೆ ನಾನೇ ಬರುತ್ತೇನೆ, ಎರಡೂ ಪ್ರಾಣಿ ತೋರಿಸಿ, ಇದ್ದರೆ ಪೂರ್ವದ ದಂಡೆಯಿಂದ ಗರಸು ತೆಗೆಸುತ್ತೇನೆ, ಬರೀ ಹಕ್ಕಿ ಇದ್ದರೆ ಮೇ ಮುಗಿಯುವವರೆಗೆ ಕಾಯುತ್ತೇನೆ, ಅಷ್ಟೇ.

ಬಾಯಾರ ಸಂಶೋಧನೆಯೆಲ್ಲ ಆ ಒಂದು ಫರ್ಲಾಂಗಿನ ಮೇಲೆ ನಿಂತಿತ್ತು. ದಂಡೆ ಹೋದರೆ ಮೂರನೆಯ ವರ್ಷದ ಕೆಲಸವಿಲ್ಲ. ಕೆಲಸ ನಿಂತರೆ ಮದುವೆ ಮಾಡಿ ಕಳಿಸುತ್ತೇವೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು.

ಆ ಹೊತ್ತಿಗೆ ಬಿಳಿಹೊಟ್ಟೆಯ ನೆಲಗಪ್ಪೆ ಇಪ್ಪತ್ತೇಳು ನಮ್ಮ ವಿಭಾಗದಲ್ಲೇ ಇದ್ದವು. ತೂಗಲು, ಅಳೆಯಲು ಹದಿನೈದು ದಿನ ನೀರು ಹೊಯ್ದು ಹಿಡಿದು ತಂದಿದ್ದೆವು. ಎಲ್ಲದಕ್ಕೂ ಬೆರಳಿನ ಗುರುತು. ಇಪ್ಪತ್ತೇಳರ ಮೇಲೆ ಒಂದೂ ಬರಲಿಲ್ಲ. ಕೊನೆಯ ಕೋಣೆಯಲ್ಲಿ ಬಾಯಾರದೇ ಒಂದು ತಗಡಿನ ಬಾನಿಯಲ್ಲಿಟ್ಟು ಮೇಲೆ ಜಾಳಿಗೆ ಮುಚ್ಚಿದ್ದರು. ಬುಧವಾರ ಸಂಜೆ ಒಯ್ದು ಬಿರುಕಿಗೆ ಬಿಡುವುದು, ಗುರುವಾರ ಇಂಜಿನಿಯರರಿಗೆ ತೋರಿಸುವುದು ಎಂದು ಮಾತಾಗಿತ್ತು.

ಅದೇ ಬುಧವಾರ ಬೆಳಿಗ್ಗೆ ವಾರ್ಷಿಕ ಪ್ರಾಯೋಗಿಕ ಪರೀಕ್ಷೆ ಇತ್ತು.

ಮಂಗಳವಾರ ಬಾಯಾರು ಬಂದಿರಲಿಲ್ಲ. ಮಾವನ ಮನೆಗೆ ಅವರನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಸಾಹೇಬರು ಬೆಳಿಗ್ಗೆಯಿಂದ ಬೊಬ್ಬೆ. ಹೊರಗಿನ ಪರೀಕ್ಷಕರು ಬರುತ್ತಾರೆ, ಎಲ್ಲಾ ಬೆಳ್ಳಗಿರಬೇಕು. ನಾಲ್ಕು ಡಜನ್ ಮೇಣದ ಟ್ರೇಗಳನ್ನು ಸೋಡಾದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಲು ದೊಡ್ಡ ಬಾನಿ ಬೇಕಾಗಿತ್ತು. ನಮ್ಮ ಬಾನಿಯ ತಳ ತೂತು ಬಿದ್ದಿತ್ತು. ಬಾಯಾರ ಬಾನಿ ಗಟ್ಟಿ ಇತ್ತು. ನಾನು ಅದರಲ್ಲಿದ್ದ ಇಪ್ಪತ್ತೇಳನ್ನೂ ಎತ್ತಿ ಹಿತ್ತಲ ವರಾಂಡದ ಸಿಮೆಂಟ್ ತೊಟ್ಟಿಗೆ ಬಿಟ್ಟೆ. ಅಲ್ಲಿ ಪರೀಕ್ಷೆಗೆಂದು ಸಂತೆ ಮೋರಿಯಿಂದ ತಂದ ನಲವತ್ತು ಇದ್ದವು. ಸಂಜೆ ತಿರುಗಿ ಬೇರೆ ಮಾಡಿದರಾಯಿತು ಎಂದುಕೊಂಡೆ. ಬೇರೆ ಮಾಡುವುದು ಏನು ಕಷ್ಟ? ಬಾಯಾರದಕ್ಕೆ ಬೆರಳಿಲ್ಲವಲ್ಲ.

ಸಂಜೆ ಟ್ರೇ ಒರೆಸಿ ಮುಗಿಸುವಷ್ಟರಲ್ಲಿ ಸೊಂಟ ಬಿದ್ದು ಹೋಗಿತ್ತು. ಬೆಳಿಗ್ಗೆ ಮಾಡೋಣ ಎಂದು ಮನೆಗೆ ಹೋದೆ.

ಬುಧವಾರ ಆರು ಗಂಟೆಗೆ ಬಂದೆ. ಎಂಟಕ್ಕೆ ಪರೀಕ್ಷೆ. ಮೂವತ್ತಾರು ಹುಡುಗರು, ಮೂವತ್ತಾರು ನೆಲಗಪ್ಪೆ. ಸಾಹೇಬರು ಆಗಲೇ ಬಂದು ಕೂಗಾಡುತ್ತಿದ್ದರು. "ಫಕೀರವ್ವಾ, ಪರದೆ ಯಾಕ ಹಾಕಿಲ್ಲ? ಫಕೀರವ್ವಾ, ಕುರ್ಚಿ ಎಲ್ಲಿ?" ನಾನು ತೊಟ್ಟಿಗೆ ಕೈ ಹಾಕಿದೆ. ಮುಖ ಅವರ ಕಡೆ, ಉತ್ತರ ಕೊಡುವುದು ಬಾಯಿ, ಕೆಲಸ ಮಾಡುವುದು ಕೈ. ನಾಲ್ಕು ವರ್ಷ ಏನು ಮಾಡಿತ್ತೋ ಕೈ ಅದನ್ನೇ ಮಾಡಿತು. ಬೆರಳಿಲ್ಲದ್ದು ಮೊದಲು. ಅವು ಕೈಗೆ ಸಿಗದಾದಾಗ ಉಳಿದವು. ಹಿಡಿಯಷ್ಟು ಹಿಡಿಯಷ್ಟು ಬರಣಿಗೆ ಹಾಕಿ ಮುಚ್ಚಳ ಮುಚ್ಚಿದೆ. ಸತ್ತವನ್ನು ತೆಗೆದು ಒದ್ದೆ ಅರಿವೆಯ ಮೇಲೆ ಬೆನ್ನು ಮೇಲಾಗಿ ಸಾಲಾಗಿ ಇಟ್ಟೆ. ನಮ್ಮಲ್ಲಿ ಇಡುವುದು ಹಾಗೇ. ಚಾಚಾ ಅವನ್ನು ಒಳಗೆ ಒಯ್ದು ಟೇಬಲಿಗೊಂದು ಹಂಚಿದರು.

ಎಂಟೂವರೆಗೆ ಬಾಯಾರು ಬಂದರು. ರೈಲು ತಡವಾಗಿತ್ತು. ಪರೀಕ್ಷೆ ಆಗಲೇ ಶುರುವಾಗಿತ್ತು. ಮೇಲ್ವಿಚಾರಣೆಗೆ ಅವರೂ ಒಳಗಿರಬೇಕು. ನಾನು ಬಾಗಿಲಲ್ಲಿ ನೀರಿನ ಕೊಡ, ತಂಬಿಗೆ ಇಟ್ಟುಕೊಂಡು ನಿಂತಿದ್ದೆ. ಅವರು ಹೊಸ್ತಿಲ ಮೇಲೇ ನಿಂತರು. ಹುಡುಗರು ನೆಲಗಪ್ಪೆಗಳನ್ನು ಅಂಗಾತ ಮಾಡಿ ನಾಲ್ಕೂ ಕಾಲಿಗೆ ಗುಂಡುಪಿನ್ನು ಚುಚ್ಚಿದ್ದರು. ಸಾಲು ಸಾಲು ಹೊಟ್ಟೆ ಮೇಲಕ್ಕೆ. ಚುಕ್ಕೆಯದು, ಬಿಳಿಯದು, ಬಿಳಿಯದು, ಚುಕ್ಕೆಯದು, ಬಿಳಿಯದು. ಆಗ ನನಗೂ ಕಂಡಿತು.

ಕೈಯಲ್ಲಿದ್ದ ತಂಬಿಗೆ ಹಾಗೇ ಹಿಡಿದುಕೊಂಡು ನಿಂತೆ. ಪರೀಕ್ಷೆಯ ಕೋಣೆಯಲ್ಲಿ ಮಾತಾಡುವಂತಿಲ್ಲ. ಬಾಯಾರು ಚೀಲದಿಂದ ಸಣ್ಣ ನೋಟುಬುಕ್ಕು, ಪೆನ್ಸಿಲ್ ತೆಗೆದರು. ಮೊದಲ ಟೇಬಲಿನ ಹತ್ತಿರ ಹೋಗಿ ಬಗ್ಗಿ ಕಾಲ್ಬೆರಳು ನೋಡಿದರು, ನಂಬರು ಬರೆದರು. ಎರಡನೆಯ ಟೇಬಲು. ಮೂರನೆಯದು. ಹುಡುಗರು ತಮ್ಮ ಕೊಯ್ತ ನೋಡುತ್ತಿದ್ದಾರೆಂದು ಹೆದರಿ ಬೆವರುತ್ತಿದ್ದರು. ಪರೀಕ್ಷಕರು ಸಾಹೇಬರ ಕಿವಿಯಲ್ಲಿ, "ನಿಮ್ಮ ಬಾಯಾರು ಭಾಳ ಕಟ್ಟುನಿಟ್ಟು ಅದಾರ" ಅಂದದ್ದು ನನಗೆ ಕೇಳಿಸಿತು. ಮೂವತ್ತಾರೂ ಟೇಬಲು ತಿರುಗಿ ಬಂದು ಕಿಟಕಿಯ ಹತ್ತಿರ ನಿಂತರು. ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡಿದ್ದರು.

ಹನ್ನೊಂದಕ್ಕೆ ಪರೀಕ್ಷೆ ಮುಗಿಯಿತು. ಹುಡುಗರು ಹೋದರು, ಪರೀಕ್ಷಕರು ಚಹಾಕ್ಕೆ ಹೋದರು. ಬಾಯಾರು ನನ್ನ ಹತ್ತಿರ ಬಂದರು.

"ಹತ್ತೊಂಬತ್ತು" ಅಂದರು. "ಉಳಿದ ಎಂಟು ಎಲ್ಲಿ?"

"ತೊಟ್ಟಿಯೊಳಗ ಅದಾವ್ರಿ."

"ಖರೇನ ಅದಾವೇನು? ನೋಡಿ ಹೇಳು."

ಹೋಗಿ ನೋಡಿದೆ. ಒಂದೊಂದನ್ನೂ ಮಗುಚಿ ಹೊಟ್ಟೆ ನೋಡಿದೆ. ಎಂಟು ಇದ್ದವು, ಕೈಗೆ ಸಿಗದ ಹಾಗೆ ಮೂಲೆಯ ಕೆಸರಿನಲ್ಲಿ ಹೂತುಕೊಂಡು. ಅಷ್ಟರಲ್ಲಿ ಸಾಹೇಬರಿಗೆ ಸುದ್ದಿ ಮುಟ್ಟಿತ್ತು. ಚಾಚಾನನ್ನು ಮುಂದೆ ನಿಲ್ಲಿಸಿಕೊಂಡಿದ್ದರು.

"ಇಮಾಮಸಾಬ, ಹಂಚಿದವರು ನೀವು. ಇಷ್ಟು ವರ್ಷ ಆತು, ಕಣ್ಣು ಎಲ್ಲಿಟ್ಟಿದ್ರಿ?"

ಚಾಚಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ನಿವೃತ್ತಿಗೆ ಒಂದೇ ವರ್ಷ ಇತ್ತು. ನನ್ನ ಹೆಸರು ಹೇಳಲಿಲ್ಲ. ಹೇಳಬಹುದಿತ್ತು.

"ಅವರಲ್ರಿ ಸಾಹೇಬ್ರ" ಅಂದೆ. "ಬಾನಿ ಖಾಲಿ ಮಾಡಿದಾಕಿ ನಾನು. ತೊಟ್ಟಿಗೆ ಬಿಟ್ಟಾಕಿ ನಾನು. ಬರಣಿಗೆ ಹಾಕಿದಾಕೀನೂ ನಾನs."

"ಕಣ್ಣಿಗೆ ಕಾಣಲಿಲ್ಲೇನು?"

"ನೋಡಿದ್ರ ಕಾಣ್ತಿತ್ರಿ. ನೋಡ್ಲಿಲ್ಲ."

ಸಾಹೇಬರು ಕೆಂಪಾದರು. "ನಾಳಿಂದ ಬರಬ್ಯಾಡ ನೀನು."

ನನ್ನ ಕೆಲಸ ಆಗ ಖಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಅಷ್ಟು ಹೇಳಿದರೆ ಸಾಕು. ನಾನು ಏನೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಮುಖವಿರಲಿಲ್ಲ. ಮಾತಾಡಿದವರು ಬಾಯಾರು. ನನ್ನ ಮೇಲಿನ ಕನಿಕರದಿಂದ ಎಂದು ನಾನು ಇವತ್ತಿಗೂ ತಿಳಿದಿಲ್ಲ.

"ಸರ್, ನಾಳೆ ಎಂಟಕ್ಕ ಇಂಜಿನಿಯರ್ ಬರ್ತಾರ. ಎಂಟs ಕಪ್ಪಿ ಉಳದಾವ. ಯಾವ ಕಪ್ಪಿ ಯಾವ ಬಿರುಕಿಂದು ಅಂತ ಈಕಿಗೇ ಗೊತ್ತದ. ನೀರು ಹಾಕಿ ಎಬ್ಬಸಾಕೂ ಈಕಿಗೇ ಬರ್ತದ. ನನಗ ಬರೂದಿಲ್ಲ, ನಿಮಗೂ ಬರೂದಿಲ್ಲ."

"ಹಂಗಾರ ಇಂಜಿನಿಯರ್ ಬಂದು ಹೋಗೂ ತನಕ ಇರ್ಲಿ" ಅಂದರು ಸಾಹೇಬರು. "ಆಮ್ಯಾಲೆ ನೋಡೂಣು."

ಆ "ಆಮೇಲೆ" ಬರಲೇ ಇಲ್ಲ. ಅದಾದ ಮೇಲೂ ಇಪ್ಪತ್ತೇಳು ವರ್ಷ ಕೆಲಸ ಮಾಡಿ ನಿವೃತ್ತಳಾದೆ.

ಸಾಹೇಬರು ಒಳಗೆ ಹೋದ ಮೇಲೆ ಚಾಚಾ ಟೋಪಿ ಹಾಕಿಕೊಂಡು ನನ್ನ ಕಡೆ ನೋಡಿದರು. "ತಂಗೀ, ಕೈ ಶಾಣ್ಯಾ ಆತಂದ್ರ ಕಣ್ಣು ದಡ್ಡ ಆಗತಾವ ನೋಡು" ಅಂದರು. ಅಷ್ಟೇ ಬೈದದ್ದು. ಬಾಯಾರು ಅಷ್ಟೂ ಬೈಯಲಿಲ್ಲ. ಹತ್ತೊಂಬತ್ತು ಟ್ರೇ ಒಂದು ಕಡೆ ಇಡಿಸಿಕೊಂಡು, ಊಟಕ್ಕೂ ಹೋಗದೆ, ಒಂದೊಂದು ನೆಲಗಪ್ಪೆಯನ್ನೂ ತೂಗಿ, ಅಳೆದು, ಒಳಗೆ ಮೊಟ್ಟೆ ಇದೆಯೇ ನೋಡಿ ಬರೆದುಕೊಂಡರು. ಹನ್ನೊಂದರ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತ್ತು. ಕರಿ ಸಾಸಿವೆಯ ಹಾಗೆ. ಸಂಜೆ ಎಲ್ಲವನ್ನೂ ಒಂದು ಗಾಜಿನ ಬರಣಿಯಲ್ಲಿ ಹಾಕಿ ಫಾರ್ಮಲಿನ್ ತುಂಬಿ, ಚೀಟಿ ಬರೆದು ಅಂಟಿಸಿದರು. ನಾನು ದೀಪ ಹಿಡಿದುಕೊಂಡು ನಿಂತಿದ್ದೆ.

"ಬಾಯಾರ, ನನ್ನ ಬಯ್ರಿ" ಅಂದೆ.

"ಬೈದ್ರ ಏನಾಗ್ತದ? ಸಾಬೂನು ತೊಗೊಂಡು ಕೈ ತೊಳ್ಕೊ. ನಾಳೆ ಲಗೂ ಬಾ."

ಸಾವಿರಾರು ಕೊಂದೆ ಎಂದು ಮೇಲೆ ಬರೆದೆನಲ್ಲ, ಆ ಹತ್ತೊಂಬತ್ತನ್ನು ಅದರಲ್ಲಿ ಸೇರಿಸಿಲ್ಲ. ನಾನು ನಿವೃತ್ತಳಾಗುವವರೆಗೂ ಆ ಬರಣಿ ಮ್ಯೂಸಿಯಮ್ಮಿನ ಎರಡನೆಯ ಕಪಾಟಿನಲ್ಲಿತ್ತು. ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ.

ಇಲ್ಲಿ ತಂಗಿಯ ಮೊಮ್ಮಗಳಿಗೆ ಎರಡು ಮಾತು. ನೀನು ಸೇರಿದ ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವುದಿಲ್ಲ, ಪರದೆಯ ಮೇಲೆ ತೋರಿಸುತ್ತಾರೆ ಎಂದು ನೀನೇ ಹೇಳಿದೆ. ಛಲೋ ಆಯಿತು. ಆದರೆ ನಿನ್ನ ಫ್ರಿಜ್ಜಿನಲ್ಲೂ ಇಬ್ಬರು ಮೂವರ ಬಾಟಲಿ ಇರುತ್ತವೆ, ಚೀಟಿ ಅಂಟಿಸಿರುತ್ತಾರೆ. ಗುರುತು ಇದೆ ಎಂದು ಧೈರ್ಯ ಮಾಡಿ ಒಟ್ಟಿಗೆ ಇಡಬೇಡ. ಒಬ್ಬರ ಗುರುತು ಇನ್ನೊಬ್ಬರಿಗೆ ಏನು ಹೇಳುತ್ತದೆ ಎಂದು ಕೇಳು. ಅವರು ಬರೆಯುವುದರಲ್ಲಿದ್ದರೆ ಪೆನ್ನು ಕೆಳಗಿಡಿಸಿ ಕೇಳು. ಮತ್ತೆ, ನಿನ್ನ ಕೈಗೆ ಕೆಲಸ ಪೂರ್ತಿ ಬಂದಿದೆ ಎನ್ನಿಸಿದ ದಿನದಿಂದ ಕಣ್ಣು ಬಿಟ್ಟು ಮಾಡು.

ಇನ್ನು ಮರುದಿನ ಬೆಳಗಿನದು.

ನಸುಕಿನಲ್ಲೇ ಎದ್ದೆ. ವಿಭಾಗದ ಬೀಗ ತೆಗೆದು, ಎಂಟು ನೆಲಗಪ್ಪೆಯನ್ನು ಒದ್ದೆ ಗೋಣಿಚೀಲದಲ್ಲಿ ಹಾಕಿಕೊಂಡು, ತಲೆಯ ಮೇಲೆ ಖಾಲಿ ಕೊಡ ಇಟ್ಟುಕೊಂಡು ನಡೆದೆ. ಕೆರೆ ಮುಟ್ಟಿದಾಗ ಪೂರ್ವ ಬೆಳ್ಳಗಾಗಿತ್ತು. ಕೊರಳಪಟ್ಟಿ ನನ್ನನ್ನು ಕಂಡ ಕೂಡಲೇ ಕೂಗಲು ಶುರು ಮಾಡಿತು. ನಾನು ಗೂಡಿನ ಕಡೆ ಹೋಗಲಿಲ್ಲ, ಆದರೂ ಬೈದೇ ಬೈದಿತು. ಒಂದೊಂದು ನೆಲಗಪ್ಪೆಯನ್ನೂ ಕಾಲು ನೋಡಿ, ಮಗುಚಿ ಹೊಟ್ಟೆ ನೋಡಿ, ಅದರದರ ಬಿರುಕಿನ ಬಾಯಲ್ಲಿ ಬಿಟ್ಟೆ. ಎಂಟೂ ಹಿಂದೆ ಮುಂದೆ ನೋಡದೆ ಒಳಗೆ ಹೋದವು. ಯಾವುದಕ್ಕೂ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ.

ಎಂಟಕ್ಕೆ ಇಂಜಿನಿಯರರ ಜೀಪು ಬಂತು. ಜೊತೆಗೆ ಸಾಹೇಬರು, ಬಾಯಾರು. ದಂಡೆಯ ಆ ತುದಿಯಲ್ಲಿ ನಾಲ್ಕು ಚಕ್ಕಡಿ ಬಂದು ನಿಂತಿದ್ದವು. ಇಂಜಿನಿಯರರು ನೆಲಕ್ಕೆ ಕಾಲಿಡುತ್ತಲೇ ಹಕ್ಕಿ ಅವರ ಮುಂದೆಯೇ ರೆಕ್ಕೆ ಎಳೆದುಕೊಂಡು ಹೊರಟಿತು.

"ಅಯ್ಯೋ, ಪಾಪ, ರೆಕ್ಕಿ ಮುರದದಲ್ಲ!" ಅಂದರು.

"ಮುರದಿಲ್ರಿ. ನಾಟಕ ಅದು" ಅಂದೆ. ಅವರು ನಕ್ಕರು. ಸಾಹೇಬರು ದುರ್ಬೀನು ಕೊಟ್ಟರು, ಮೊಟ್ಟೆ ತೋರಿಸಿದರು. ಹಕ್ಕಿಯ ಕೆಲಸ ಐದು ನಿಮಿಷದಲ್ಲಿ ಮುಗಿಯಿತು.

"ಇನ್ನ ನಿಮ್ಮ ಕಪ್ಪಿ ತೋರಸ್ರಿ."

ಕೆರೆಯಿಂದ ಕೊಡ ತುಂಬಿ ತಂದೆ. ಮೊದಲ ಬಿರುಕಿಗೆ ನಿಧಾನವಾಗಿ ಹೊಯ್ದೆ. ಬರಲಿಲ್ಲ. ಎರಡನೆಯದಕ್ಕೆ ಹೊಯ್ದೆ. ಬರಲಿಲ್ಲ. ಬಿಸಿಲು ಏರುತ್ತಿತ್ತು. ಇಂಜಿನಿಯರರು ಗಡಿಯಾರ ನೋಡಿಕೊಂಡರು. ಸಾಹೇಬರು ನನ್ನನ್ನು ನೋಡಿದರು. ಬಾಯಾರು ಯಾರನ್ನೂ ನೋಡಲಿಲ್ಲ, ಬಿರುಕನ್ನೇ ನೋಡುತ್ತಿದ್ದರು. ನನ್ನ ಕೈ ಅವಸರ ಮಾಡುತ್ತಿದೆ ಎಂದು ನನಗೆ ಗೊತ್ತಾಯಿತು. ಕೊಡ ಕೆಳಗಿಟ್ಟೆ. ಸೆರಗಿನ ತುದಿ ನೀರಿನಲ್ಲಿ ಅದ್ದಿ, ಮೂರನೆಯ ಬಿರುಕಿನ ಮೇಲೆ ಹಿಡಿದು, ಹನಿ ಹನಿಯಾಗಿ ಹಿಂಡಿದೆ. ಮತ್ತೆ ಅದ್ದಿದೆ, ಮತ್ತೆ ಹಿಂಡಿದೆ. ಕಣ್ಣು ಅಲ್ಲಿಂದ ತೆಗೆಯಲಿಲ್ಲ.

ಮೊದಲು ಮೂಗು ಬಂತು. ಆಮೇಲೆ ಒಂದು ಕೈ. ಆಮೇಲೆ ಪೂರ್ತಿ ಹೊರಗೆ ಬಂದು ಕೂತಿತು. ಎಡಗಾಲಿನ ಮೂರನೆಯ ಬೆರಳು ಇರಲಿಲ್ಲ. ಎತ್ತಿ, ಮಗುಚಿ, ಬಿಳಿ ಹೊಟ್ಟೆಯನ್ನು ಇಂಜಿನಿಯರರಿಗೆ ತೋರಿಸಿದೆ. ಅವರು ಕೈ ಚಾಚಿದರು, ಅಂಗೈಯಲ್ಲಿಟ್ಟೆ. ಅವರಿಗೂ ಸಲಾಂ ಹೊಡೆಯಿತು.

ಅವರು ಕೈ ಜಾಡಿಸಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ನನ್ನ ಕೈಗೆ ವಾಪಸ್ಸು ಕೊಟ್ಟು, ಕರವಸ್ತ್ರ ತೆಗೆದರು. ಚಕ್ಕಡಿಯವರ ಕಡೆ ತಿರುಗಿ, "ಏ, ಆ ಕಡೆ ದಂಡಿಗೆ ಹೊಡೀರಿ" ಎಂದು ಕೂಗಿದರು.

ನೆಲಗಪ್ಪೆಯನ್ನು ಅದರ ಬಿರುಕಿಗೆ ಬಿಟ್ಟು, ಕೊಡದಲ್ಲಿ ಉಳಿದ ನೀರು ಅದರ ಮೇಲೆ ಚಿಮುಕಿಸಿ, ನಾನು ಕಾಲೇಜಿಗೆ ನಡೆದೆ. ಜೀಪಿನಲ್ಲಿ ಹತ್ತು ಎಂದು ಬಾಯಾರು ಕರೆದರು, ಹತ್ತಲಿಲ್ಲ. ಹೋಗುವ ದಾರಿಯಲ್ಲಿ ಬಾನಿಯ ತೂತಿಗೆ ಬೆಸುಗೆ ಹಾಕುವವನಿಗೆ ಹೇಳಿ ಹೋದೆ. ಆಮೇಲೆ ಒಲೆ ಹೊತ್ತಿಸಿ ನೀರು ಕಾಯಿಸಿದೆ. ಹತ್ತೊಂಬತ್ತು ಟ್ರೇ ತೊಳೆಯುವುದು ಬಾಕಿ ಇತ್ತು.